ದೀಪ ಕೆಟ್ಟರೆ ಬೋರ್ಡ್ ಕೆಟ್ಟಂತಲ್ಲ

ಹೋವರ್‌ಬೋರ್ಡ್ ಓಡುತ್ತದೆ, ದೀಪ ಮಾತ್ರ ಉರಿಯುವುದಿಲ್ಲ. ಕತ್ತಲಾದ ಮೇಲೆ ಹುಲಸೂರಿನ ಓಣಿಯಲ್ಲಿ ಎದುರು ಬರುವ ಬೈಕ್ ಸವಾರನ ಕಣ್ಣಿಗೆ ನನ್ನ ತಮ್ಮ ಬೀಳಬೇಕಾದರೆ ಆ ದೀಪ ಬೇಕೇ ಬೇಕು. ಹಾಗಂತ ಬೋರ್ಡನ್ನು ಮೂಲೆಗೆ ಎಸೆಯಬೇಕಿಲ್ಲ.

ಮೊದಲು ಚಾರ್ಜರ್ ತೆಗೆದು, ಸ್ವಿಚ್ ಆರಿಸಿ, ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಬೇಕು. ಸಾಮಾನ್ಯವಾಗಿ ಅದು 36 ವೋಲ್ಟ್‌ನ ಲಿಥಿಯಂ ಬ್ಯಾಟರಿ. ಶಾರ್ಟ್ ಆದರೆ ಬೆಂಕಿ ಹೊತ್ತಬಹುದು. 2016ರಲ್ಲಿ ಅಮೆರಿಕದಲ್ಲಿ ಬೆಂಕಿಯ ಭಯದಿಂದಲೇ 5 ಲಕ್ಷಕ್ಕೂ ಹೆಚ್ಚು ಬೋರ್ಡ್‌ಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಬ್ಯಾಟರಿ ಉಬ್ಬಿದ್ದರೆ ಕೈ ಹಚ್ಚಲೇಬೇಡಿ.

ನಂತರ ಮಲ್ಟಿಮೀಟರ್ ಹಿಡಿಯಿರಿ. ಬೋರ್ಡಿನ ಎರಡು ಭಾಗ ಕೂಡುವ ನಡುವಿನ ಕೊಳವೆಯಲ್ಲಿ ತಂತಿಗಳು ಹಾದುಹೋಗುತ್ತವೆ. ಪಾದ ವಾಲಿಸಿದಾಗಲೆಲ್ಲ ಅವು ತಿರುಚಿ, ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದರೂ ಒಳಗೆ ತುಂಡಾಗಬಹುದು. ಮೀಟರನ್ನು ಕಂಟಿನ್ಯುಟಿಗೆ ಇಟ್ಟು ತಂತಿ ಅಲುಗಾಡಿಸಿ; ಬೀಪ್ ನಿಂತರೆ ದೋಷ ಅಲ್ಲೇ. ತಂತಿ ಸರಿಯಿದ್ದರೆ ಡಯೋಡ್ ಮೋಡ್‌ನಲ್ಲಿ ಒಂದೊಂದೇ ಎಲ್‌ಇಡಿ ಪರೀಕ್ಷಿಸಿ. ಸರಣಿಯಲ್ಲಿ ಒಂದು ಕೆಟ್ಟರೂ ಇಡೀ ಸಾಲು ಆರುತ್ತದೆ.

ನಮ್ಮ ಮನೆಯದರಲ್ಲಿ ತುಂಡಾಗಿದ್ದು ಒಂದೇ ತಂತಿ. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ತಿರುಗಲು ತುಸು ಸಡಿಲ ಬಿಟ್ಟೆ. ಕಂಡದ್ದನ್ನೆಲ್ಲ ಬದಲಿಸುವುದು ಖರ್ಚು. ಎಲ್ಲಿ ಕಡಿದಿದೆ ಎಂದು ಹುಡುಕುವುದು ವಿದ್ಯೆ. ನಾಳೆ ಕೆಲಸಕ್ಕೆ ಹೋದಲ್ಲೂ ಬೇಕಾಗುವುದು ಅದೇ.