ಸೋಂಕು ತಗಲಿದ ಮೂಳೆಮುರಿತಕ್ಕೆ ಜೈವಿಕ ವಸ್ತುಗಳ ಆಸರೆ

ಜೋಗೇಶ್ವರಿ ಪೂರ್ವದಲ್ಲಿ ಹೆದ್ದಾರಿಯ ಬದಿಗಿರುವ ಮಹಾನಗರಪಾಲಿಕೆಯ ಟ್ರಾಮಾ ಕೇರ್ ಆಸ್ಪತ್ರೆಯು ಅಪಘಾತದ ಗಾಯಾಳುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ಸ್ಥಾಪಿತವಾದುದು. ದ್ವಿಚಕ್ರ ವಾಹನ ಹಾಗೂ ಲೋಕಲ್ ರೈಲು ನಮ್ಮ ಮುಂಬಯಿ ಬದುಕಿನ ನಿತ್ಯದ ಒಡನಾಡಿಗಳು. ಇವುಗಳಿಂದಾಗುವ ಅವಘಡಗಳಲ್ಲಿ ಮೂಳೆಯು ಚರ್ಮವನ್ನು ಸೀಳಿ ಹೊರಬರುವ ತೆರೆದ ಮುರಿತವು ವಿಶೇಷ ಕಳವಳಕಾರಿಯಾದುದು. ಮುರಿದ ಮೂಳೆ ಕೂಡುವುದು ಪ್ರಕೃತಿಯ ಧರ್ಮ. ಗಾಯದ ಮೂಲಕ ರೋಗಾಣುಗಳು ಒಳಹೊಕ್ಕರೆ ಆ ಧರ್ಮಕ್ಕೆ ಭಂಗ ಬರುತ್ತದೆ.

ಮಾತ್ರೆ, ಚುಚ್ಚುಮದ್ದುಗಳಿಂದಷ್ಟೇ ಈ ಸೋಂಕು ಏಕೆ ವಾಸಿಯಾಗದು? ಔಷಧವನ್ನು ಹೊತ್ತೊಯ್ಯುವುದು ರಕ್ತ. ರಕ್ತನಾಳ ಕಡಿದುಹೋದ ಮೂಳೆಯ ತುಂಡು ನಿರ್ಜೀವವಾಗುವುದರಿಂದ ಅಲ್ಲಿಗೆ ಔಷಧವೂ ತಲುಪದು. ಸ್ಟೆಫೈಲೊಕಾಕಸ್ ಆರಿಯಸ್‌ನಂತಹ ಬ್ಯಾಕ್ಟೀರಿಯಾಗಳು ಆ ತುಂಡಿನ ಮೇಲೂ, ಅಳವಡಿಸಿದ ಲೋಹದ ಪಟ್ಟಿಯ ಮೇಲೂ ಅಂಟಿನಂತಹ ಪೊರೆ ಕಟ್ಟಿಕೊಂಡು ಅಡಗುತ್ತವೆ. ಆದುದರಿಂದ ಸತ್ತ ಮೂಳೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು ಅನಿವಾರ್ಯ. ಆಗ ಉಳಿಯುವ ಪೊಳ್ಳನ್ನು ತುಂಬಲು ಜೈವಿಕ ವಸ್ತುಗಳು ಬೇಕಾಗುತ್ತವೆ.

ಈ ಯತ್ನ ಹೊಸತೇನೂ ಅಲ್ಲ. 1892ರಲ್ಲಿಯೇ ಜರ್ಮನಿಯ ವೈದ್ಯ ಡ್ರೀಸ್‌ಮನ್ ಅವರು ಇಂತಹ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದರು. ಗಣೇಶನ ಮೂರ್ತಿಗಳ ಮೂಲಕ ನಮಗೆಲ್ಲ ಪರಿಚಿತವಾದ ವಸ್ತುವಿದು. 1970ರ ದಶಕದಲ್ಲಿ ಜೆಂಟಾಮೈಸಿನ್ ಬೆರೆಸಿದ ಮೂಳೆ ಸಿಮೆಂಟಿನ ಮಣಿಗಳು ಬಳಕೆಗೆ ಬಂದವು. ಅವು ಸೋಂಕಿನ ಸ್ಥಳದಲ್ಲಿಯೇ ಔಷಧವನ್ನು ಒಸರುತ್ತವೆ. ಆದರೆ ಕರಗುವುದಿಲ್ಲ, ಹೊರತೆಗೆಯಲು ಮತ್ತೊಂದು ಶಸ್ತ್ರಕ್ರಿಯೆ ಬೇಕು. ಔಷಧ ಬೆರೆಸಿದ ಶುದ್ಧ ಕ್ಯಾಲ್ಸಿಯಂ ಸಲ್ಫೇಟಿನ ಮಣಿಗಳಾದರೋ ಕೆಲವು ವಾರಗಳಲ್ಲಿ ತಾವಾಗಿಯೇ ಕರಗುತ್ತವೆ. ಎರಡನೆಯ ಶಸ್ತ್ರಕ್ರಿಯೆ ತಪ್ಪಿದರೆ ದಿನಗೂಲಿಯ ಕುಟುಂಬಕ್ಕೆ ಅದೆಷ್ಟು ದೊಡ್ಡ ಉಳಿತಾಯ!

ಇನ್ನೊಂದು ವಸ್ತು ಬಯೋಗ್ಲಾಸ್. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ರೂಪಿಸಿದ ಈ ಗಾಜು ದೇಹದ್ರವದಲ್ಲಿ ಸೋಡಿಯಂ, ಕ್ಯಾಲ್ಸಿಯಂಗಳನ್ನು ಬಿಡುತ್ತದೆ. ಇದರಿಂದ ಸುತ್ತಲೂ ಕ್ಷಾರಗುಣ ಹೆಚ್ಚಿ ರೋಗಾಣುಗಳಿಗೆ ಬದುಕು ಕಷ್ಟವಾಗುತ್ತದೆ. ಗಾಜಿನ ಮೇಲ್ಮೈಯಲ್ಲಿ ಮೂಳೆಯ ಖನಿಜವನ್ನೇ ಹೋಲುವ ಪದರವೊಂದು ಮೂಡಿ, ಹೊಸ ಮೂಳೆ ಅದಕ್ಕೆ ಬೆಸೆದುಕೊಳ್ಳುತ್ತದೆ. ಇಂತಹ ಮೂಳೆಪೂರಕ ವಸ್ತುಗಳ ಸಂಶೋಧನೆಯಲ್ಲಿ ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯೂ ತೊಡಗಿಕೊಂಡಿದೆ ಎಂಬುದು ಸಂತಸದ ಸಂಗತಿ.

ಆದರೂ ಇವು ಪವಾಡಗಳಲ್ಲ. ಈ ಮಣಿಗಳು ದೇಹದ ಭಾರ ಹೊರಲಾರವು. ಮೂಳೆ ಕೂಡುವ ತನಕ ಸರಳು ಅಥವಾ ಹೊರಚೌಕಟ್ಟಿನ ಆಧಾರ ಬೇಕು. ಸತ್ತ ಮೂಳೆ ಒಳಗೇ ಉಳಿದಿದ್ದರೆ ಎಷ್ಟು ಬೆಲೆಬಾಳುವ ವಸ್ತುವನ್ನು ತುಂಬಿದರೂ ವ್ಯರ್ಥ.

ಹಾಗಾಗಿ ಓದುಗ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ತೆರೆದ ಮುರಿತಕ್ಕೆ ನಾಟಿ ಕಟ್ಟು ಹಾಕಿಸಲು ಹೋಗದಿರಿ. ಗಾಯವನ್ನು ಶುಭ್ರ ಬಟ್ಟೆಯಿಂದ ಮುಚ್ಚಿ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಆ್ಯಂಟಿಬಯಾಟಿಕ್ ಎಷ್ಟು ಬೇಗ ದೊರೆತರೆ ಅಷ್ಟು ಒಳಿತು. ಹಳೆಯ ಗಾಯದಿಂದ ತಿಂಗಳುಗಳ ಬಳಿಕವೂ ಕೀವು ಒಸರುತ್ತಿದ್ದರೆ ಅದನ್ನು ಅಲಕ್ಷಿಸದೆ ಮೂಳೆತಜ್ಞರನ್ನು ಕಾಣಿರಿ. ಕೈಕಾಲು ಉಳಿದರೆ ದುಡಿಮೆಯೂ ಉಳಿದೀತು.