ಕಾಲು ಇಂಚಿನ ಜಾಣ್ಮೆ

ಬೆಳಗಾವಿಯಲ್ಲಿ ಜುಲೈ ಬಂತೆಂದರೆ ಬಾಗಿಲುಗಳು ಬಿಗಿಯುತ್ತವೆ. ಕಪಾಟಿನ ಡ್ರಾವರ್ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮಾರ್ಚ್ ಹೊತ್ತಿಗೆ ಅದೇ ಬಾಗಿಲು ಸಡಿಲಾಗಿ ಸಂದಿಯಿಂದ ಬೆಳಕು ಇಣುಕುತ್ತದೆ. ದೀಪಾವಳಿಗೆಂದು ಮಾಡಿಸಿದ ಊಟದ ಮೇಜಿನ ನಡುವೆ ಕೂದಲೆಳೆಯಂಥ ಬಿರುಕು ಮೂಡಿ, ಯುಗಾದಿ ಹೊತ್ತಿಗೆ ಉಗುರು ಹೊಗುವಷ್ಟು ಅಗಲವಾಗಿರುತ್ತದೆ. ಮನೆಯವರು ಬಡಿಗೇರನನ್ನು ದೂರುತ್ತಾರೆ, ಬಡಿಗೇರ ಕಟ್ಟಿಗೆ ಅಡ್ಡೆಯವನನ್ನು ದೂರುತ್ತಾನೆ. ಬಹಳ ಸಲ ಕಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಅದು ಹಿಗ್ಗಿ ಕುಗ್ಗಲು ಬೇಕಾದ ಜಾಗವನ್ನು ಯಾರೂ ಬಿಟ್ಟಿರುವುದಿಲ್ಲ, ಅಷ್ಟೆ.

ಆ ಜಾಗ ಎಷ್ಟು? ಮೂರು ಅಡಿ ಅಗಲದ ಸಾಗವಾನಿ ಮೇಜಿಗೆ ಸುಮಾರು ಕಾಲು ಇಂಚು. ಈ ಕಾಲು ಇಂಚನ್ನು ಲೆಕ್ಕಕ್ಕೆ ಹಿಡಿದು ಮೇಜು ಕಟ್ಟುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಅದು ಹೇಗೆ ಬಂತು, ಎಲ್ಲಿ ಕೈತಪ್ಪಿತು ಎಂಬುದನ್ನು ನೋಡಬೇಕಿದೆ.

ಒಂದೇ ಜಿಲ್ಲೆ, ಬೇರೆ ಬೇರೆ ಹವೆ

ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲೂಕಿನಲ್ಲಿದೆ. ಸಹ್ಯಾದ್ರಿಯ ನೆತ್ತಿಯ ಆ ಊರು ಮಳೆಗಾಲವಿಡೀ ಮೋಡದಲ್ಲೇ ಇರುತ್ತದೆ. ಅಲ್ಲಿಂದ ಜಾಂಬೋಟಿ ದಾಟಿ ಪೂರ್ವಕ್ಕೆ ಬಂದಂತೆಲ್ಲ ಮಳೆ ಇಳಿಯುತ್ತದೆ. ಬೆಳಗಾವಿ ನಗರಕ್ಕೆ ಅದರ ಒಂದು ಪಾಲಷ್ಟೇ ಸಿಗುತ್ತದೆ. ಇನ್ನೂ ಮುಂದೆ ಅಥಣಿಗೆ ಹೋದರೆ ಒಣ ಬಯಲು. ಖಾನಾಪುರದ ಕಾಡಿನಲ್ಲಿ ಬೆಳೆದ ಮರ ಬೆಳಗಾವಿಯಲ್ಲಿ ಮೇಜಾಗಿ, ಅಥಣಿಯ ಮನೆಯೊಂದಕ್ಕೆ ಹೋಯಿತೆನ್ನಿ. ಜಿಲ್ಲೆಯ ಗಡಿ ದಾಟದೆಯೇ ಅದು ಮೂರು ಹವೆ ಕಂಡಿರುತ್ತದೆ.

ಗಾಳಿಯಲ್ಲಿ ತೇವವಿದ್ದಷ್ಟು ಕಟ್ಟಿಗೆ ನೀರು ಹೀರುತ್ತದೆ, ಗಾಳಿ ಒಣಗಿದರೆ ನೀರು ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ 40ರಷ್ಟಿದ್ದರೆ ಕಟ್ಟಿಗೆಯ ತೇವ ಶೇ 7ರಿಂದ 8ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ 80ಕ್ಕೆ ಏರಿ ಹಾಗೇ ಉಳಿದರೆ ತೇವ ಶೇ 16ರ ಹತ್ತಿರ ಹೋಗುತ್ತದೆ. ಪಾಲಿಶ್ ಹೊಡೆದರೆ ಈ ಏರಿಳಿತ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನೆನೆದ ಜೋಳದ ದಂಟಿನ ಸಿವುಡು ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಕಟ್ಟಿಗೆಯ ಎಳೆಗಳದೂ ಅದೇ ಸ್ವಭಾವ. ಹಸಿ ಸಾಗವಾನಿ ಪೂರ್ತಿ ಒಣಗುವಷ್ಟರಲ್ಲಿ ವರ್ಷದುಂಗುರದ ಗುಂಟ ಶೇ 5.8ರಷ್ಟು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ 2.5ರಷ್ಟು. ಉದ್ದದಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದ್ದರಿಂದ ಮೇಜಿನ ಉದ್ದದ ಬಗ್ಗೆ ಚಿಂತೆ ಬೇಡ, ತೊಂದರೆಯೆಲ್ಲ ಅಗಲದ್ದು.

ಸಾಗವಾನಿಗೆ ಅಷ್ಟು ಬೆಲೆ ಬಂದದ್ದಕ್ಕೆ ಅದರ ಬಣ್ಣ, ಎಣ್ಣೆ, ಗೆದ್ದಲು ತಿನ್ನದ ಗುಣ ಎಷ್ಟು ಕಾರಣವೋ ಈ ಕಡಿಮೆ ಕುಗ್ಗುವಿಕೆಯೂ ಅಷ್ಟೇ ಕಾರಣ. ಅದೇ ಕಾಡಿನ ಮತ್ತಿ ಗಟ್ಟಿಮುಟ್ಟು ಮರ, ಆದರೆ ಒಣಗುವಾಗ ಸಾಗವಾನಿಗಿಂತ ಹೆಚ್ಚು ಎಳೆದಾಡುತ್ತದೆ, ಬೇಗ ಸೀಳುತ್ತದೆ.

ಮೇಜಿಗೂ ಮೊದಲು

ನಮ್ಮ ಮನೆಗಳಲ್ಲಿ ಮೇಜು ಇರಲಿಲ್ಲ. ಊಟಕ್ಕೆ ಮಣೆ, ಪೂಜೆಗೆ ಚೌರಂಗ ಇದ್ದವು. ಅಗಲದ ಹಲಗೆಯೊಂದರ ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟರೆ ಮಣೆಯಾಯಿತು. ಕೈ ಪಳಗಿದ ಬಡಿಗೇರ ಆ ಪಟ್ಟಿಗೆ ಮೊಳೆ ಹೊಡೆಯುವುದಿಲ್ಲ. ಹಲಗೆಯ ಅಡಿಯಲ್ಲಿ ಬಾಯಿ ಕಿರಿದು, ತಳ ಅಗಲ ಇರುವಂತೆ ಗಾಡಿ, ಅಂದರೆ ಉದ್ದನೆಯ ತೋಡು, ಕೊರೆದು, ಅದೇ ಆಕಾರಕ್ಕೆ ಕೆತ್ತಿದ ಪಟ್ಟಿಯನ್ನು ಪಕ್ಕದಿಂದ ತೂರಿಸುತ್ತಾನೆ. ಪಟ್ಟಿ ಕೆಳಕ್ಕೆ ಬೀಳುವುದಿಲ್ಲ, ಹಲಗೆ ಡೊಂಕಾಗುವುದಿಲ್ಲ. ಆದರೂ ಹಲಗೆ ಪಟ್ಟಿಯ ಗುಂಟ ಹಿಗ್ಗಬಹುದು, ಕುಗ್ಗಬಹುದು. ಚೀನಾದ ಮಿಂಗ್ ಕಾಲದ ಮೇಜುಗಳ ಅಡಿಯಲ್ಲೂ ಇಂಥದೇ ಪಟ್ಟಿ ಇದೆ. ಕಟ್ಟಿಗೆಯ ಗುಣ ಎಲ್ಲೆಡೆ ಒಂದೇ ಆದ್ದರಿಂದ ಕೈಗಳು ಒಂದೇ ಉಪಾಯಕ್ಕೆ ಬಂದು ಮುಟ್ಟಿದವು.

ರೈತರಿಗೆ ಇದೇ ಪಾಠ ಕಲಿಸಿದ್ದು ಚಕ್ಕಡಿಯ ಗಾಲಿ. ಬಿರುಬೇಸಿಗೆಯಲ್ಲಿ ಗಾಲಿಯ ಕಟ್ಟಿಗೆ ಒಣಗಿ ಕುಗ್ಗಿದರೆ ಕಬ್ಬಿಣದ ಹಳಿ ಸಡಿಲಾಗುತ್ತದೆ. ಆಗ ಗಾಲಿಯನ್ನು ನೀರಲ್ಲಿ ನೆನೆಹಾಕುತ್ತಿದ್ದರು. ಕಟ್ಟಿಗೆ ಉಬ್ಬಿ ಹಳಿಯನ್ನು ಮತ್ತೆ ಗಟ್ಟಿಯಾಗಿ ಹಿಡಿಯುತ್ತಿತ್ತು. ಕಟ್ಟಿಗೆ ಉಬ್ಬುವ ಬಲ ಎಂಥದೆಂದು ಹಳ್ಳಿಯ ಕಮ್ಮಾರ, ಬಡಿಗೇರ ಇಬ್ಬರಿಗೂ ಗೊತ್ತಿತ್ತು.

ದಂಡಿನ ಊರಿಗೆ ಬಂದ ಮೇಜು

1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ಕೈಗೆ ಹೋಯಿತು. 1832ರಲ್ಲಿ ಕಂಟೋನ್ಮೆಂಟ್ ಆಯಿತು. ಇಂದಿಗೂ ಊರಿನ ಬಾಯಲ್ಲಿ ಅದು ಕ್ಯಾಂಪ್. ಬಂಗಲೆ, ಕಚೇರಿ, ಚರ್ಚು, ಶಾಲೆ ಎದ್ದಂತೆ ಊಟದ ಮೇಜು, ಬರೆಯುವ ಮೇಜು, ಪ್ಯಾನೆಲ್ ಬಾಗಿಲುಗಳಿಗೆ ಬೇಡಿಕೆ ಬಂತು. ಮಣೆಗಿಂತ ಹಲವು ಪಟ್ಟು ಅಗಲದ, ನಾಲ್ಕೈದು ಹಲಗೆ ಕೂಡಿಸಿದ ಮೇಲ್ಮೈಯನ್ನು ಇಲ್ಲಿನ ಕೈಗಳು ಕಟ್ಟಬೇಕಾಯಿತು.

ಪ್ಯಾನೆಲ್ ಬಾಗಿಲಿನ ಗುಟ್ಟು ಸರಳ. ನಾಲ್ಕು ಕಡೆ ಚೌಕಟ್ಟು, ಚೌಕಟ್ಟಿನ ಒಳಮೈಗೆ ಗಾಡಿ. ನಡುವಿನ ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಗಾಡಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ, ಮಳೆಗಾಲದಲ್ಲಿ ಹಿಗ್ಗಿ ಗಾಡಿಯನ್ನು ತುಂಬುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಇದೇ ತತ್ವ ಮೇಜಿನಲ್ಲೂ ಇದೆ. ಹಲಗೆಯನ್ನು ಕಾಲಿನ ಚೌಕಟ್ಟಿಗೆ ನೇರ ಮೊಳೆ ಹೊಡೆದು ಕೂರಿಸದೆ, ಅಡಿಯಲ್ಲಿ ಪುಟ್ಟ ಕಟ್ಟಿಗೆ ತುಂಡುಗಳಿಂದ ಹಿಡಿಸುತ್ತಾರೆ. ತುಂಡಿನ ಒಂದು ತುದಿ ಚೌಕಟ್ಟಿನ ಗಾಡಿಯಲ್ಲಿ, ಇನ್ನೊಂದು ಹಲಗೆಗೆ ತಿರುಪು. ಹಲಗೆ ಮೇಲೇಳುವುದಿಲ್ಲ, ಅಕ್ಕಪಕ್ಕ ಸರಿಯಲು ಅಡ್ಡಿಯಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿಯಿಂದ ಖಾನಾಪುರದ ಮೇಲೆ ಲೋಂಡಾ ಮುಟ್ಟಿತು. ಕಾಡಿನ ದಿಮ್ಮಿ ನಗರಕ್ಕೆ ಬರುವುದು ಸುಲಭವಾಯಿತು. ದಿಮ್ಮಿ ಡಿಪೋದಲ್ಲಿ ಬೀಳುತ್ತಿತ್ತು, ಹರಾಜಾಗುತ್ತಿತ್ತು, ಕೊಯ್ದ ಹಲಗೆ ಅಡ್ಡೆಯಲ್ಲಿ ನಡುವೆ ಪಟ್ಟಿ ಇಟ್ಟುಕೊಂಡು ಗಾಳಿಗೆ ಒಣಗುತ್ತ ತಿಂಗಳುಗಟ್ಟಲೆ ಕಾಯುತ್ತಿತ್ತು. ಆ ಕಾಯುವಿಕೆಯೇ ಅರ್ಧ ಕೆಲಸ. ಇದೆಲ್ಲ ಮುಂದೆ ಶಾಸ್ತ್ರವೂ ಆಯಿತು. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಇಂದು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಭಾರತೀಯ ಮಾನಕ ಐಎಸ್ 287 ದೇಶವನ್ನು ಹವೆಗೆ ತಕ್ಕಂತೆ ನಾಲ್ಕು ವಲಯ ಮಾಡಿ, ಎಲ್ಲಿ ಯಾವ ಕೆಲಸಕ್ಕೆ ಕಟ್ಟಿಗೆಯಲ್ಲಿ ಎಷ್ಟು ತೇವ ಇರಬಹುದೆಂದು ಹೇಳುತ್ತದೆ.

ಅಂಟು ಗಟ್ಟಿಯಾಯಿತು, ಹಲಗೆ ಸೀಳಿತು

ಹಳೆಯ ಬಡಿಗೇರರು ಚರ್ಮ, ಮೂಳೆ ಕುದಿಸಿ ತೆಗೆದ ಸರೇಸನ್ನು ಬಿಸಿ ಮಾಡಿ ಬಳಿಯುತ್ತಿದ್ದರು. ತೇವ ತಾಕಿದರೆ ಅದು ಮೆತ್ತಗಾಗುತ್ತಿತ್ತು. ಹೀಗಾಗಿ ಅಂಟನ್ನು ಪೂರ್ತಿ ನಂಬದೆ ಜೋಡಣೆಯನ್ನೇ ನಂಬುತ್ತಿದ್ದರು. 1959ರಲ್ಲಿ ಫೆವಿಕಾಲ್ ಬಂತು. ಕುದಿಸುವ ಕೆಲಸ ತಪ್ಪಿತು, ಹಿಡಿತ ಹೆಚ್ಚಿತು. ಅದು ನಿಜವಾದ ಉಪಕಾರ. ಹಲಗೆಯ ಪಕ್ಕಕ್ಕೆ ಹಲಗೆ ಅಂಟಿಸಲು ಅದಕ್ಕಿಂತ ಅನುಕೂಲದ್ದು ಬೇಕಿಲ್ಲ, ಏಕೆಂದರೆ ಎರಡೂ ಒಂದೇ ದಿಕ್ಕಿಗೆ ಹಿಗ್ಗುತ್ತವೆ. ಆದರೆ ಹಲಗೆಗೆ ಅಡ್ಡಲಾಗಿ ಬರುವ ಪಟ್ಟಿಗೂ ಅದೇ ಅಂಟು ಬಳಿದಾಗ ಕತೆ ಕೆಟ್ಟಿತು. ಪಟ್ಟಿ ಉದ್ದದಲ್ಲಿ ಕುಗ್ಗುವುದಿಲ್ಲ, ಹಲಗೆ ಅಗಲದಲ್ಲಿ ಕುಗ್ಗದೆ ಇರುವುದಿಲ್ಲ, ನಡುವಿನ ಅಂಟು ಬಿಡುವುದಿಲ್ಲ. ಮೂರರಲ್ಲಿ ಸೋಲುವುದು ಹಲಗೆಯೇ.

ಕಟ್ಟಿಗೆಯೂ ಬದಲಾಯಿತು. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶ ಕಾಡು ಕಡಿಯುವುದಕ್ಕೆ ದೇಶಾದ್ಯಂತ ಕಡಿವಾಣ ಹಾಕಿತು. 2011ರಲ್ಲಿ ಖಾನಾಪುರ ತಾಲೂಕಿನ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಧಾಮವಾಯಿತು. ಎರಡೂ ಆಗಬೇಕಾದದ್ದೇ. ಇದರ ಜೊತೆಗೆ ಹೊರದೇಶದ ನೆಡುತೋಪಿನ ಎಳೆಯ ಸಾಗವಾನಿ ಬಂತು, ಪ್ಲೈವುಡ್ ಬಂತು. ಪದರದ ಮೇಲೆ ಪದರ ಅಡ್ಡಡ್ಡ ಅಂಟಿಸಿದ ಪ್ಲೈವುಡ್ ಹಿಗ್ಗುವುದು ತೀರಾ ಕಡಿಮೆ, ಅದಕ್ಕೆ ಎಲ್ಲಿ ಬೇಕಾದರೂ ತಿರುಪು ಹೊಡೆಯಬಹುದು. ಹೀಗೆ ಪ್ಲೈವುಡ್‌ಗೆ ಪಳಗಿದ ಕೈ ಇಡಿ ಹಲಗೆಗೂ ಅದೇ ಉಪಚಾರ ಮಾಡತೊಡಗಿತು.

ಮೇಜಿನ ಕೆಳಗೆ

ಸರಿಯಾಗಿ ಕಟ್ಟಿದ ಮೇಜನ್ನು ಬೋರಲು ಹಾಕಿ ನೋಡಬೇಕು. ಅಡ್ಡಪಟ್ಟಿಯ ನಡುವಿನ ತಿರುಪಿನ ತೂತು ದುಂಡಗಿದೆ. ಎರಡೂ ತುದಿಯ ತೂತುಗಳು ದುಂಡಗಿಲ್ಲ. ಎರಡು ತೂತು ಪಕ್ಕಪಕ್ಕ ಕೊರೆದು ನಡುವಿನದನ್ನು ಉಳಿಯಿಂದ ತೆಗೆದು, ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿದ್ದಾರೆ. ತಿರುಪಿನ ತಲೆಯಡಿ ವಾಷರ್ ಇದೆ, ಪಟ್ಟಿಗೂ ಹಲಗೆಗೂ ನಡುವೆ ಅಂಟಿಲ್ಲ. ತಿರುಪನ್ನು ಉಸಿರು ಕಟ್ಟುವಷ್ಟು ಬಿಗಿದಿಲ್ಲ. ನಡುವೆ ಹಿಡಿತ, ತುದಿಗಳಲ್ಲಿ ಸರಿದಾಟ. ಹಲಗೆ ನಡುವಿನಿಂದ ಎರಡೂ ಕಡೆ ಸಮವಾಗಿ ಹಿಗ್ಗುತ್ತದೆ.

ತುದಿಯ ಉದ್ದ ತೂತು ಎಷ್ಟಿರಬೇಕು? ವರ್ಷದಲ್ಲಿ ಹಲಗೆಯ ತೇವ ಶೇ 10ರಿಂದ 14ರವರೆಗೆ ಏರಿಳಿಯಿತು ಎಂದುಕೊಳ್ಳೋಣ. ಸಾಗವಾನಿಯ ಅಗಲ ತೇವದ ಪ್ರತಿ ಶೇ 1ಕ್ಕೆ ಉಂಗುರದ ಗುಂಟ ಸಾವಿರಕ್ಕೆ ಎರಡು ಪಾಲಿಗಿಂತ ತುಸು ಕಡಿಮೆ ಬದಲಾಗುತ್ತದೆ. 900 ಮಿಲಿಮೀಟರ್ ಅಗಲಕ್ಕೆ ಅದು 7 ಮಿಲಿಮೀಟರ್ ಹತ್ತಿರ. ಉಂಗುರಗಳು ನೆಟ್ಟಗೆ ನಿಲ್ಲುವಂತೆ ಕೊಯ್ದ ಹಲಗೆಯಾದರೆ ಅದರ ಅರ್ಧದಷ್ಟು. ಹಲಗೆಯ ತುದಿಯನ್ನು ನೋಡಿದರೆ ಉಂಗುರ ಹೇಗಿದೆಯೆಂದು ತಿಳಿಯುತ್ತದೆ, ಒಣಗಿದಾಗ ಯಾವ ಕಡೆಗೆ ಬಾಗುತ್ತದೆ ಎಂಬುದೂ ತಿಳಿಯುತ್ತದೆ: ತೊಗಟೆಯ ಕಡೆಯ ಮೈ ಬಟ್ಟಲಿನಂತೆ ತಗ್ಗಾಗುತ್ತದೆ.

ಯಾವ ತಿಂಗಳಲ್ಲಿ ಮೇಜು ಕಟ್ಟುತ್ತಿದ್ದಾರೆ ಎಂಬುದೂ ಮುಖ್ಯ. ಆಗಸ್ಟ್‌ನಲ್ಲಿ ಉಬ್ಬಿದ ಹಲಗೆ ಮುಂದೆ ಕುಗ್ಗುತ್ತದೆ, ಏಪ್ರಿಲ್‌ನಲ್ಲಿ ಒಣಗಿದ್ದು ಮುಂದೆ ಹಿಗ್ಗುತ್ತದೆ. ಬಿಡುವ ಜಾಗವನ್ನು ಅದಕ್ಕೆ ತಕ್ಕ ಕಡೆ ಬಿಡಬೇಕು.

ಮೇಜು ಮಾಡಿಸುವವರಿಗೆ ನನ್ನದೊಂದು ಕೋರಿಕೆ. ಹಬ್ಬಕ್ಕೆ ಹದಿನೈದು ದಿನವಿದೆ ಎನ್ನುವಾಗ ಬಡಿಗೇರನ ಬಳಿ ಹೋಗಬೇಡಿ. ಕಟ್ಟಿಗೆ ಮೊದಲೇ ಕೊಂಡು, ಮೇಜು ಇರುವ ಊರಿನಲ್ಲೇ ಕೆಲವು ವಾರ ನೆರಳಲ್ಲಿ ಗಾಳಿಗಿಡಿ. ಅಡ್ಡಪಟ್ಟಿಗೆ ಅಂಟು ಬೇಡ, ತುದಿಯ ತೂತು ಉದ್ದ ಇರಲಿ ಎಂದು ಹೇಳಿ. ಈ ಕೆಲಸಕ್ಕೆ ಇನ್ನೊಂದು ದಿನದ ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಕಡಿಯಲು ಕಾಡು ಉಳಿದಿಲ್ಲದ ಈ ಕಾಲದಲ್ಲಿ, ಇರುವ ಹಲಗೆ ಸೀಳದೆ ಮೊಮ್ಮಕ್ಕಳವರೆಗೆ ಬಾಳುವಂತೆ ಕಟ್ಟಿಸುವುದು ಮನೆಗೂ ಒಳ್ಳೆಯದು, ಖಾನಾಪುರದ ಕಾಡಿಗೂ ಒಳ್ಳೆಯದು.