ದಿನಕ್ಕೆ 11 ನ್ಯಾನೊಸೆಕೆಂಡು

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ, ಅಂದರೆ ಒಂದು ಫೋಟಾನಿಗೆ, ಸುಮಾರು 2 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ನಮೀಬಿಯಾದ ಎತ್ತರದ ಬಯಲಿನಲ್ಲಿರುವ ಹೆಸ್ ದೂರದರ್ಶಕಗಳ ತಂಡ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಂಕಿ 20 ಟೆರಾ ಎಲೆಕ್ಟ್ರಾನ್‌ವೋಲ್ಟ್. ಹತ್ತು ಲಕ್ಷ ಕೋಟಿ ಪಟ್ಟು! ಅದೂ ಒಂದೇ ಒಂದು ಫೋಟಾನಿನಲ್ಲಿ. ಜಿನೀವಾದ ಬಳಿ ನೆಲದಡಿ 27 ಕಿಲೋಮೀಟರ್ ಸುರಂಗ ತೋಡಿ ಮನುಷ್ಯರು ಒಂದು ಪ್ರೋಟಾನಿಗೆ ತುಂಬಬಲ್ಲ ಶಕ್ತಿ 6.8 ಟೆರಾ.

ಅದು ಬಂದದ್ದು ವೇಲಾ ಎಂಬ ಪಲ್ಸಾರ್‌ನಿಂದ, ಅಂದರೆ ತಿರುಗುತ್ತ ಮಿಡಿತ ಮಿಡಿತವಾಗಿ ಬೆಳಕು ಕಳಿಸುವ ನ್ಯೂಟ್ರಾನ್ ನಕ್ಷತ್ರದಿಂದ. ಇಷ್ಟು ಶಕ್ತಿಯ ಫೋಟಾನು, ಅಂದರೆ ಗ್ಯಾಮಾ ಫೋಟಾನು, ನೆಲ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು ಕಣಗಳ ಮಳೆಯಾಗುತ್ತದೆ, ಆ ಮಳೆ ಕೆಲವೇ ನ್ಯಾನೊಸೆಕೆಂಡು ನೀಲಿಯಾಗಿ ಮಿನುಗುತ್ತದೆ. ಹೆಸ್‌ನ ಕನ್ನಡಿಗಳು ಹಿಡಿಯುವುದು ಆ ಮಿನುಗನ್ನು.

ವೇಲಾ ಇರುವುದು ಸುಮಾರು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ. ಸಿಡಿದುಹೋದ ದೊಡ್ಡ ನಕ್ಷತ್ರವೊಂದರ ಉಳಿದ ತಿರುಳು. ಇಂಥ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಸೂರ್ಯನನ್ನೂ ಮೀರಿಸುವ ದ್ರವ್ಯ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ಗೋಳದಲ್ಲಿ ಅಡಗಿರುತ್ತದೆ. ವೇಲಾ ಸೆಕೆಂಡಿಗೆ 11 ಸುತ್ತು ತಿರುಗುತ್ತದೆ; ಒಂದು ಸುತ್ತಿಗೆ 89 ಮಿಲಿಸೆಕೆಂಡು. ಅದರ ಒಳಗೆ ಉರಿಯುವ ಇಂಧನವಿಲ್ಲ. ಇರುವುದು ತಿರುಗುವಿಕೆ ಮತ್ತು ಭೂಮಿಯದಕ್ಕಿಂತ ಲಕ್ಷಾಂತರ ಕೋಟಿ ಪಟ್ಟು ಬಲವಾದ ಕಾಂತಕ್ಷೇತ್ರ. ಆ ತಿರುಗುವಿಕೆಯನ್ನೇ ಅದು ಖರ್ಚು ಮಾಡುತ್ತಿದೆ. ಎಷ್ಟು? ಒಂದೊಂದು ದಿನ ಕಳೆದ ಹಾಗೆ ಅದರ ಒಂದು ಸುತ್ತು ಸುಮಾರು 11 ನ್ಯಾನೊಸೆಕೆಂಡು ನಿಧಾನವಾಗುತ್ತದೆ. ಸೆಕೆಂಡನ್ನು ನೂರು ಕೋಟಿ ತುಂಡು ಮಾಡಿದರೆ ಹನ್ನೊಂದು ತುಂಡು, ಅಷ್ಟೆ. ಆ ಅಷ್ಟೇ ನಿಧಾನಗತಿಯಲ್ಲಿ ವೇಲಾ ಹೊರಗೆ ಸುರಿಯುವ ಶಕ್ತಿ ಒಂದೂವರೆ ಸಾವಿರಕ್ಕೂ ಹೆಚ್ಚು ಸೂರ್ಯರಿಗೆ ಸಮ. ಆಕಾಶದ ಬಗ್ಗೆ ನಾನು ಓದಿದ ಲೆಕ್ಕಗಳಲ್ಲಿ ಇದರಷ್ಟು ಬೆರಗು ಹುಟ್ಟಿಸಿದ್ದು ಇನ್ನೊಂದಿಲ್ಲ.

ಈ ನಿಧಾನಗತಿಗೂ ಒಮ್ಮೊಮ್ಮೆ ತಡೆ ಬೀಳುತ್ತದೆ. 1969ರ ಫೆಬ್ರುವರಿ ಕೊನೆಗೂ ಮಾರ್ಚ್ ಮೊದಲಿಗೂ ನಡುವಿನ ಒಂದು ವಾರದಲ್ಲಿ ವೇಲಾದ ಸುತ್ತು ಇದ್ದಕ್ಕಿದ್ದಂತೆ ಸುಮಾರು 200 ನ್ಯಾನೊಸೆಕೆಂಡು ಚುರುಕಾಯಿತು. ಹದಿನೆಂಟು ದಿನಗಳ ನಷ್ಟ ಒಂದೇಟಿಗೆ ಭರ್ತಿ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಿಂದ ಇದನ್ನು ಕಂಡವರು ರಿಚರ್ಡ್ ಮ್ಯಾಂಚೆಸ್ಟರ್ ಮತ್ತು ವಿ. ರಾಧಾಕೃಷ್ಣನ್. ಸಿ.ವಿ. ರಾಮನ್ ಅವರ ಮಗನಾದ ರಾಧಾಕೃಷ್ಣನ್ ಮುಂದೆ ಎರಡು ದಶಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ನಡೆಸಿದರು. ಒಳಗಿನ ನ್ಯೂಟ್ರಾನುಗಳ ದ್ರವ ಘರ್ಷಣೆಯಿಲ್ಲದೆ ಹರಿಯುತ್ತ, ತನ್ನ ಹೆಚ್ಚುವರಿ ವೇಗವನ್ನು ಹೊರಚಿಪ್ಪಿಗೆ ಥಟ್ಟನೆ ದಾಟಿಸುತ್ತದೆ ಎಂಬುದು ಇಂದಿನ ವಿವರಣೆ.

ಆ 20 ಟೆರಾ ಫೋಟಾನು ಹುಟ್ಟುವುದೆಲ್ಲಿ ಎಂದು ತಿಳಿಯಲು ಬೇಕಾದ ಇನ್ನೊಂದು ಅಂಕಿ 4,250 ಕಿಲೋಮೀಟರ್. ವೇಲಾದ ಅಕ್ಷದಿಂದ ಅಷ್ಟು ದೂರದಲ್ಲಿ ಏನಾದರೂ ಅದರ ಜತೆಗೇ ಸುತ್ತಬೇಕೆಂದರೆ ಬೆಳಕಿನ ವೇಗದಲ್ಲಿ ಓಡಬೇಕು. ಭೂಮಿಯ ತ್ರಿಜ್ಯವೇ 6,371 ಕಿಲೋಮೀಟರ್! ನಮ್ಮ ಭೂಮಿಗಿಂತ ಕಿರಿದಾದ ಆ ಎಲ್ಲೆಯ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳು ಕನಿಷ್ಠ 20 ಟೆರಾ ಶಕ್ತಿ ಗಳಿಸಿ, ಸಾಧಾರಣ ಫೋಟಾನುಗಳಿಗೆ ಡಿಕ್ಕಿ ಹೊಡೆದು ಅದನ್ನು ದಾಟಿಸುತ್ತವೆ ಎಂದು ಸಂಶೋಧಕರು ಊಹಿಸುತ್ತಾರೆ. ವೇಲಾದ ಹಳೆಯ, ಕಡಿಮೆ ಶಕ್ತಿಯ ಗ್ಯಾಮಾ ಮಿಡಿತಗಳಲ್ಲಿ ಒಂದು ಬರುವ ಗಳಿಗೆಯಲ್ಲೇ 20 ಟೆರಾದ ಈ ಹೊಸ ಮಿಡಿತವೂ ಬರುತ್ತದೆ. ಎರಡೂ ಒಂದೇ ಜಾಗದಲ್ಲಿ ಹುಟ್ಟುವುದಾದರೆ, ಅಲ್ಲಿ ಎಲೆಕ್ಟ್ರಾನುಗಳನ್ನು ಅಷ್ಟು ರಭಸಕ್ಕೆ ತಳ್ಳುವುದು ಯಾವುದು ಎಂಬುದನ್ನು ಈವರೆಗಿನ ಮಾದರಿಗಳು ಸುಲಭವಾಗಿ ವಿವರಿಸಲಾರವು.